ಒಳಕಿವಿಗೆ ವೈರಾಣು: ನೋವಿಲ್ಲವೆಂದು ಸುಮ್ಮನಿರಬೇಡಿ

ಕಿವಿನೋವು ಬಂದವರು ಬೆಳಗಾಗುವ ತನಕ ಕಾಯುವುದಿಲ್ಲ. ರಾತ್ರಿ ಹನ್ನೊಂದು ಗಂಟೆಗೂ ಮಗುವನ್ನು ಹೆಗಲಿಗೆ ಹಾಕಿಕೊಂಡು ವೈದ್ಯರ ಮನೆಯ ಬಾಗಿಲು ತಟ್ಟುತ್ತಾರೆ. ಕಿವಿ ಸೋರಿದರೂ ಅಷ್ಟೇ, ದಿಂಬಿನ ಮೇಲೆ ಕಲೆ ಕಂಡ ಮರುದಿನವೇ ಓಡಿ ಬರುತ್ತಾರೆ. ಆದರೆ ಕಿವಿ ಕೇಳಿಸದೆ ಹೋದವರು? ಅವರು ಹತ್ತು ದಿನ, ಹದಿನೈದು ದಿನ, ಕೆಲವೊಮ್ಮೆ ತಿಂಗಳೇ ಕಳೆದ ಮೇಲೆ ನಿಧಾನವಾಗಿ ಬರುತ್ತಾರೆ. ಇದಕ್ಕೆ ಕಾರಣ ಒಂದೇ: ನೋವಿಲ್ಲ.

"ಶೀತ ಆಗಿತ್ತು ಡಾಕ್ಟ್ರೇ, ಆಮೇಲಿಂದ ಒಂದು ಕಿವಿ ಕಟ್ಟಿದ ಹಾಗೆ ಆಗ್ತದೆ, ಗುಂಯ್ ಅಂತದೆ. ನೋವೇನೂ ಇಲ್ಲ" ಎನ್ನುತ್ತಾರೆ. ಕಾಪುವಿನ ಕಡಲಲ್ಲಿ ಮಿಂದವರಿಗೆ ಕಿವಿಗೆ ನೀರು ಹೋಗಿದೆ ಎಂಬ ಸಂಶಯ. ಕಾರ್ಕಳದಿಂದ ಬೆಳಗಿನ ಬಸ್ಸಿನಲ್ಲಿ ಕಿಟಕಿ ಪಕ್ಕ ಕುಳಿತು ಬಂದವರಿಗೆ ಗಾಳಿ ಹೊಕ್ಕಿದೆ ಎಂಬ ನಂಬಿಕೆ. ಉಳಿದವರಿಗೆ ಗುಗ್ಗೆ ತುಂಬಿದೆ ಎಂಬ ಊಹೆ. ಹೆಚ್ಚಿನವರ ಊಹೆ ಸರಿಯೇ ಇರುತ್ತದೆ. ಗುಗ್ಗೆ ತೆಗೆದರೆ, ಶೀತ ಇಳಿದರೆ, ಕಿವಿ ಮೊದಲಿನಂತೆ ಆಗುತ್ತದೆ. ಆದರೆ ಇವರ ನಡುವೆ ಆಗೊಮ್ಮೆ ಈಗೊಮ್ಮೆ ಒಬ್ಬರ ಕಿವಿಯಲ್ಲಿ ಗುಗ್ಗೆಯೂ ಇರುವುದಿಲ್ಲ, ನೀರೂ ಇರುವುದಿಲ್ಲ. ತಮಟೆ ಹೊಳೆಯುತ್ತಿರುತ್ತದೆ. ಕೆಟ್ಟಿರುವುದು ಅದಕ್ಕಿಂತ ಒಳಗೆ, ಕಣ್ಣಿಗೂ ಟಾರ್ಚಿಗೂ ಕಾಣದ ಒಳಕಿವಿ. ಅಲ್ಲಿ ಹಾನಿ ಮಾಡುವ ಕಾರಣಗಳಲ್ಲಿ ವೈರಾಣುಗಳೂ ಸೇರಿವೆ.

ಯಾವ ವೈರಾಣು, ಯಾವ ದಾರಿಯಿಂದ ಅಲ್ಲಿಗೆ ತಲುಪುತ್ತದೆ, ಅದನ್ನು ತಡೆಯುವುದು ಹೇಗೆ, ತಡೆಯಲಾಗದಿದ್ದರೆ ಎಷ್ಟು ದಿನದೊಳಗೆ ವೈದ್ಯರನ್ನು ಕಾಣಬೇಕು ಎಂಬುದನ್ನು ಈ ವಾರ ನೋಡೋಣ.

ಮೂರು ಕೋಣೆಗಳ ಮನೆ

ಕಿವಿಯನ್ನು ಮೂರು ಕೋಣೆಗಳ ಮನೆ ಎಂದುಕೊಳ್ಳಿ. ಹೊರಗೆ ಕಾಣುವ ಹಾಲೆ ಮತ್ತು ಅದರಿಂದ ತಮಟೆಯವರೆಗಿನ ಓಣಿ ಹೊರಕಿವಿ. ತಮಟೆಯ ಹಿಂದೆ ಗಾಳಿ ತುಂಬಿದ ಪುಟ್ಟ ಕೋಣೆ ನಡುಕಿವಿ. ಇಲ್ಲಿ ಮೂರು ಸಣ್ಣ ಎಲುಬುಗಳಿವೆ. ಈ ಕೋಣೆಯಿಂದ ಗಂಟಲಿನ ಹಿಂಭಾಗಕ್ಕೆ ಒಂದು ನಳಿಕೆ ಹೋಗುತ್ತದೆ. ಶೀತವಾದಾಗ ಈ ನಳಿಕೆ ಬಾತು ಮುಚ್ಚಿಕೊಳ್ಳುವುದರಿಂದಲೇ ಕಿವಿ ಕಟ್ಟಿದಂತೆ ಆಗುವುದು.

ಮೂರನೆಯದು ಒಳಕಿವಿ. ತಲೆಬುರುಡೆಯಲ್ಲೇ ಅತ್ಯಂತ ಗಟ್ಟಿಯಾದ ಎಲುಬಿನೊಳಗೆ ಇದನ್ನು ಹುದುಗಿಸಿಡಲಾಗಿದೆ. ಬಸವನಹುಳದ ಚಿಪ್ಪಿನಂತೆ ಸುಮಾರು ಎರಡೂವರೆ ಸುತ್ತು ಸುತ್ತಿಕೊಂಡ ಈ ಅಂಗಕ್ಕೆ ಕಾಕ್ಲಿಯಾ ಎಂದು ಹೆಸರು. ಬಿಡಿಸಿ ಉದ್ದಕ್ಕೆ ಇಟ್ಟರೆ ಮೂರೂವರೆ ಸೆಂಟಿಮೀಟರ್ ಆದೀತು. ಅದರೊಳಗೆ ನೀರಿನಂಥ ದ್ರವ ತುಂಬಿದೆ. ಆ ದ್ರವದಲ್ಲಿ ಸುಮಾರು 15,000 ರೋಮಕೋಶಗಳು ಸಾಲುಸಾಲಾಗಿ ನಿಂತಿವೆ. ಶಬ್ದದ ಅಲೆ ಬಂದಾಗ ಇವುಗಳ ರೋಮಗಳು ಬಾಗುತ್ತವೆ. ಆ ಬಾಗುವಿಕೆ ವಿದ್ಯುತ್ ಸಂಕೇತವಾಗಿ ಶ್ರವಣ ನರದ ಮೂಲಕ ಮಿದುಳಿಗೆ ಹೋಗುತ್ತದೆ. ಚೆಂಡೆಯ ಪೆಟ್ಟಾಗಲಿ, ಮಗುವಿನ ತೊದಲು ಮಾತಾಗಲಿ, ನಮಗೆ ಕೇಳಿಸುವುದೆಲ್ಲ ಈ ರೋಮಕೋಶಗಳ ಕೃಪೆಯಿಂದ. ಪಕ್ಕದಲ್ಲೇ ದೇಹದ ಸಮತೋಲ ಕಾಯುವ ಮೂರು ಅರ್ಧವೃತ್ತಾಕಾರದ ನಳಿಕೆಗಳಿವೆ. ಒಳಕಿವಿಯ ಕಾಯಿಲೆಯಲ್ಲಿ ತಲೆಸುತ್ತು, ವಾಂತಿ ಬರುವುದು ಇವುಗಳಿಂದಾಗಿ.

ಚರ್ಮ ಗಾಯವಾದರೆ ಮಾಯುತ್ತದೆ, ಎಲುಬು ಮುರಿದರೆ ಕೂಡಿಕೊಳ್ಳುತ್ತದೆ. ಆದರೆ ರೋಮಕೋಶ ಒಮ್ಮೆ ಸತ್ತರೆ ಮನುಷ್ಯನಲ್ಲಿ ಮತ್ತೆ ಹುಟ್ಟುವುದಿಲ್ಲ. ಹುಟ್ಟುವಾಗ ತಂದ ಬಂಡವಾಳವೇ ಕೊನೆಯ ತನಕ. ಆದುದರಿಂದ ಇಲ್ಲಿ ಆಗುವ ಹಾನಿಯನ್ನು ತಡೆಯುವುದಕ್ಕೆ ಇರುವಷ್ಟು ಬೆಲೆ ಆಮೇಲಿನ ಔಷಧಕ್ಕೆ ಇಲ್ಲ.

ವೈರಾಣು ಒಳಹೊಗುವ ದಾರಿ

ಇಷ್ಟು ಭದ್ರವಾದ ಎಲುಬಿನ ಗೂಡಿಗೆ ವೈರಾಣು ಹೇಗೆ ಹೋಗುತ್ತದೆ? ದಾರಿಗಳು ನಾಲ್ಕು.

ಮೊದಲನೆಯದು ರಕ್ತ. ಒಳಕಿವಿಯ ದ್ರವವನ್ನು ಸದಾ ಹದವಾಗಿಡುವ, ರಕ್ತನಾಳಗಳು ದಟ್ಟವಾಗಿರುವ ಒಂದು ಪಟ್ಟಿ ಕಾಕ್ಲಿಯಾದ ಗೋಡೆಯಲ್ಲಿದೆ. ರಕ್ತದಲ್ಲಿ ಹರಿಯುವ ವೈರಾಣುಗಳು ಈ ಪಟ್ಟಿಯ ಮೂಲಕ ಒಳಗೆ ಇಳಿಯಬಲ್ಲವು. ಎರಡನೆಯದು ಮಿದುಳಿನ ಸುತ್ತಲಿನ ನೀರು. ಮಿದುಳಿನ ಪೊರೆಗೆ ಸೋಂಕು ತಗುಲಿದರೆ ಆ ನೀರಿನಿಂದ ಒಳಕಿವಿಗೆ ಸಣ್ಣ ಕಾಲುವೆಯ ದಾರಿಯುಂಟು. ಮೂರನೆಯದು ನರ. ಕೆಲವು ವೈರಾಣುಗಳು ನರದ ಗಂಟುಗಳಲ್ಲಿ ವರ್ಷಗಟ್ಟಲೆ ಮಲಗಿದ್ದು, ಮೈಯ ಶಕ್ತಿ ಕುಂದಿದಾಗ ಏಳುತ್ತವೆ. ನಾಲ್ಕನೆಯದು ನಡುಕಿವಿ. ನಡುಕಿವಿಗೂ ಒಳಕಿವಿಗೂ ನಡುವೆ ತೆಳುಪೊರೆಯ ಒಂದು ಕಿಟಕಿ ಇದೆ. ಅಲ್ಲಿಯ ಸೋಂಕಿನ ವಿಷ ಈ ಪೊರೆಯನ್ನು ದಾಟಬಹುದು.

ಒಳಹೊಕ್ಕ ವೈರಾಣು ಕೋಶಗಳನ್ನು ನೇರವಾಗಿ ಕೊಲ್ಲಬಹುದು. ಅದನ್ನು ಓಡಿಸಲು ನಮ್ಮ ದೇಹವೇ ಹೂಡುವ ಯುದ್ಧದಲ್ಲಿ ಆಗುವ ಊತದಿಂದಲೂ ಕೋಶಗಳು ಹಾಳಾಗಬಹುದು. ಈ ಜಾಗದಲ್ಲಿ ನೋವನ್ನು ತಿಳಿಸುವ ನರಗಳ ಗದ್ದಲ ಇಲ್ಲ. ಎಲ್ಲವೂ ಸದ್ದಿಲ್ಲದೆ ನಡೆದುಹೋಗುತ್ತದೆ.

ಕೆಪ್ಪಟರಾಯನ ಕೈಚಳಕ

ಘಟ್ಟದ ಮೇಲೆ ಮಂಗನಬಾವು, ನಮ್ಮ ಕರಾವಳಿಯಲ್ಲಿ ಕೆಪ್ಪಟರಾಯ. ಹೆಸರಿನ ಮೊದಲಲ್ಲೇ 'ಕೆಪ್ಪ' ಎಂಬ ಸದ್ದಿದೆ. ಅದನ್ನು ಎಚ್ಚರಿಕೆ ಎಂದೇ ತಿಳಿದುಕೊಂಡರೆ ತಪ್ಪಾಗದು. (ಮಂಗನಕಾಯಿಲೆ ಬೇರೆ. ಅದು 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ, ಉಣ್ಣಿಯಿಂದ ಹರಡುವ ಜ್ವರ. ಎರಡಕ್ಕೂ ಸಂಬಂಧವಿಲ್ಲ.)

ಕೆಪ್ಪಟರಾಯ ಬಂದಾಗ ಜ್ವರದ ಜತೆ ಕಿವಿಯ ಕೆಳಗಿನ ಜೊಲ್ಲುಗ್ರಂಥಿ ಊದುತ್ತದೆ. ಕೆನ್ನೆ ಬಾತು ಮುಖದ ಆಕಾರವೇ ಬದಲಾಗುತ್ತದೆ. ಕೆಮ್ಮು, ಸೀನು, ಎಂಜಲಿನ ಹನಿಗಳಿಂದ ಇದು ಹರಡುತ್ತದೆ. ಸೋಂಕು ತಗುಲಿ ಎರಡು-ಮೂರು ವಾರಗಳ ಬಳಿಕ ಊತ ಕಾಣಿಸುತ್ತದೆ. ಊತ ಕಾಣಿಸುವ ಒಂದೆರಡು ದಿನ ಮೊದಲೇ ಮಗು ಇತರರಿಗೆ ಅಂಟಿಸತೊಡಗಿರುತ್ತದೆ. ಹಾಗಾಗಿ ಒಂದು ತರಗತಿಯಲ್ಲಿ ಒಬ್ಬರಿಗೆ ಬಂದರೆ ಸಾಲಾಗಿ ಹಲವರಿಗೆ ಬರುತ್ತದೆ. ಊತ ಬಂದ ಮೇಲೆ ಐದು ದಿನ ಶಾಲೆಗೆ ಕಳುಹಿಸಬಾರದು ಎಂಬುದು ಇದಕ್ಕಾಗಿ.

ಮನೆಗಳಲ್ಲಿ ಕೆನ್ನೆಗೆ ಲೇಪ ಹಚ್ಚುತ್ತಾರೆ, ಕೆಲವರು ಕೊರಳಿಗೆ ಚಿನ್ನದ ಸರ ಹಾಕುತ್ತಾರೆ. ವಾರದಲ್ಲಿ ಊತ ಇಳಿಯುತ್ತದೆ, ಸರಕ್ಕೆ ಕೀರ್ತಿ ಬರುತ್ತದೆ. ಸರದಿಂದ ತೊಂದರೆಯಿಲ್ಲ. ಆದರೆ ಊತ ಇಳಿಯಿತೆಂದು ಎಲ್ಲರೂ ಮರೆತುಬಿಡುವುದು ತೊಂದರೆ. ಗಂಡುಮಕ್ಕಳಿಗೆ ವೃಷಣ ಬಾಯುತ್ತದೆ ಎಂಬುದು ಹಲವರಿಗೆ ಗೊತ್ತು. ಕಿವಿಯ ವಿಚಾರ ಗೊತ್ತಿರುವವರು ಕಡಿಮೆ.

ಕಾರ್ಕಳದ ಕಡೆಯ ಒಬ್ಬ ಹುಡುಗನ ಉದಾಹರಣೆ ಹೇಳುತ್ತೇನೆ. ಏಳನೇ ತರಗತಿ. ಮುಂಬಯಿಯಲ್ಲಿರುವ ಮಾವ ಫೋನ್ ಮಾಡಿದ್ದರು. ಎಡಗೈಯಲ್ಲಿ ತಿಂಡಿ ಇದ್ದುದರಿಂದ ಹುಡುಗ ಫೋನನ್ನು ಬಲಗಿವಿಗೆ ಹಿಡಿದ, "ಅಮ್ಮಾ, ಫೋನ್ ಹಾಳಾಗಿದೆ" ಎಂದ. ಅಮ್ಮ ತೆಗೆದುಕೊಂಡು ನೋಡಿದರೆ ಫೋನ್ ಸರಿಯಿದೆ. ಪರೀಕ್ಷಿಸಿದಾಗ ಬಲಗಿವಿ ಪೂರ್ತಿ ಹೋಗಿತ್ತು. ಕೇಳುತ್ತಾ ಹೋದಂತೆ ಎರಡು ವರ್ಷ ಹಿಂದೆ ಕೆಪ್ಪಟರಾಯ ಬಂದದ್ದು, ಆಗ ಎರಡು ದಿನ ತಲೆ ತಿರುಗುತ್ತದೆಂದು ಮಲಗಿದ್ದು ನೆನಪಾಯಿತು. ಎರಡು ವರ್ಷ ಯಾರಿಗೂ ತಿಳಿದಿರಲಿಲ್ಲ, ಹುಡುಗನಿಗೂ ತಿಳಿದಿರಲಿಲ್ಲ.

ಇದು ಅಪರೂಪದ ಕಥೆಯಲ್ಲ. ಮಂಗನಬಾವಿನ ಕಿವುಡು ಹೆಚ್ಚಾಗಿ ಒಂದೇ ಕಿವಿಗೆ ಬರುತ್ತದೆ, ಬಂದರೆ ತೀವ್ರವಾಗಿಯೇ ಬರುತ್ತದೆ. ಕೆನ್ನೆ ಎಷ್ಟು ಊದಿತ್ತು ಎಂಬುದಕ್ಕೂ ಇದಕ್ಕೂ ಸಂಬಂಧವಿಲ್ಲ. ಊತವೇ ಕಾಣದೆ ಕಿವಿ ಮಾತ್ರ ಹೋದವರೂ ಇದ್ದಾರೆ. ಇಪ್ಪತ್ತು ಸಾವಿರದಲ್ಲಿ ಒಬ್ಬರಿಗೆ ಮಾತ್ರ ಹೀಗಾಗುತ್ತದೆ ಎಂದು ಹಳೆಯ ಪುಸ್ತಕಗಳಲ್ಲಿ ಬರೆದಿತ್ತು. ಜಪಾನಿನ ಮಕ್ಕಳ ವೈದ್ಯರು ಸುಮಾರು 7,400 ಮಕ್ಕಳನ್ನು ಜಾಗ್ರತೆಯಿಂದ ಗಮನಿಸಿ 2009ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ಏಳು ಮಕ್ಕಳಿಗೆ ಕಿವುಡು ಬಂದಿತ್ತು. ಅಂದರೆ ಸಾವಿರಕ್ಕೆ ಒಬ್ಬರು. ತಂದೆತಾಯಿಯರಿಗೆ ಮನೆಯಲ್ಲೇ ಕಿವಿ ಪರೀಕ್ಷೆ ಮಾಡಲು ಹೇಳಿಕೊಟ್ಟಿದ್ದರಿಂದ ಇವು ಸಿಕ್ಕಿದವು. ಹುಡುಕಿದರೆ ಸಿಗುತ್ತದೆ, ಹುಡುಕದಿದ್ದರೆ ಇಲ್ಲ.

ಮನೆಯಲ್ಲಿ ಮಾಡಬಹುದಾದದ್ದು ಇಷ್ಟೇ. ಮಂಗನಬಾವು ಬಂದ ದಿನದಿಂದ ಮೂರು ವಾರ, ದಿನಕ್ಕೊಮ್ಮೆ ಮಗುವಿನ ಹಿಂದೆ ನಿಂತು ಒಂದು ಕಿವಿಯ ಮುಂದಿನ ಮೃದು ಎಲುಬನ್ನು ಬೆರಳಿನಿಂದ ಒತ್ತಿ ಮುಚ್ಚಿ, ಇನ್ನೊಂದು ಕಿವಿಯ ಬಳಿ ಪಿಸುಮಾತಿನಲ್ಲಿ ಎರಡು ಅಂಕಿ ಹೇಳಿ. ಮಗು ತಿರುಗಿ ಹೇಳಲಿ. ಆಮೇಲೆ ಇನ್ನೊಂದು ಕಿವಿ. ಬೆರಳುಗಳನ್ನು ಕಿವಿಯ ಹತ್ತಿರ ಉಜ್ಜಿ ಕೇಳಿಸುತ್ತದೆಯೇ ಎಂದು ಕೇಳಬಹುದು. ಎರಡು ಕಿವಿಗಳ ನಡುವೆ ವ್ಯತ್ಯಾಸ ಕಂಡರೆ ಅದೇ ದಿನ ವೈದ್ಯರ ಬಳಿ ಹೋಗಿ.

ಗರ್ಭದಲ್ಲೇ ಆಗುವ ಹಾನಿ

ದೊಡ್ಡವರಿಗೆ ಬಂದುಹೋದದ್ದೇ ತಿಳಿಯದಂಥ ರೋಗ ಹೊಟ್ಟೆಯಲ್ಲಿರುವ ಮಗುವಿನ ಕಿವಿಯನ್ನು ಕಸಿಯಬಲ್ಲುದು. ರುಬೆಲ್ಲಾ ಅಂಥದ್ದು. ಮೂರು ದಿನ ಸಣ್ಣ ಜ್ವರ, ಮೈಮೇಲೆ ತಿಳಿಗೆಂಪು ದದ್ದು, ಕತ್ತಿನ ಹಿಂದೆ ಗಂಟು, ಅಷ್ಟೇ. ಆದರೆ ಗರ್ಭ ನಿಂತ ಮೊದಲ ಮೂರು ತಿಂಗಳಲ್ಲಿ ತಾಯಿಗೆ ಇದು ಬಂದರೆ, ಹುಟ್ಟುವ ಹೆಚ್ಚಿನ ಮಕ್ಕಳಲ್ಲಿ ಏನಾದರೊಂದು ಊನ ಉಳಿಯುತ್ತದೆ. ಆಸ್ಟ್ರೇಲಿಯಾದ ಕಣ್ಣಿನ ವೈದ್ಯ ನಾರ್ಮನ್ ಗ್ರೆಗ್ 1941ರಲ್ಲಿ ಹುಟ್ಟುಗುರುಡು ಮಕ್ಕಳ ತಾಯಂದಿರನ್ನು ವಿಚಾರಿಸಿ ಈ ನಂಟನ್ನು ಮೊದಲು ಗುರುತಿಸಿದರು. ಕಣ್ಣಿನ ಪೊರೆ, ಹೃದಯದ ದೋಷಗಳ ಜತೆಗೆ ಅತ್ಯಂತ ಸಾಮಾನ್ಯವಾಗಿ ಉಳಿಯುವ ಊನ ಕಿವುಡು ಎಂದು ಆಮೇಲೆ ತಿಳಿಯಿತು. 1964-65ರಲ್ಲಿ ಅಮೆರಿಕದಲ್ಲಿ ಹಬ್ಬಿದ ರುಬೆಲ್ಲಾದಿಂದ ಸುಮಾರು 20,000 ಮಕ್ಕಳು ಇಂಥ ಊನಗಳೊಂದಿಗೆ ಹುಟ್ಟಿದರು.

ಇನ್ನೊಂದು ಸೈಟೊಮೆಗಲೊ ವೈರಾಣು. ಹೆಸರು ಉದ್ದ, ಲಕ್ಷಣ ಗಿಡ್ಡ. ನಮ್ಮಲ್ಲಿ ಬಹುತೇಕ ಎಲ್ಲರಿಗೂ ಚಿಕ್ಕಂದಿನಲ್ಲೇ ಬಂದುಹೋಗಿರುತ್ತದೆ. ಗರ್ಭದಲ್ಲಿ ತಗುಲಿದರೆ ಹೆಚ್ಚಿನ ಮಕ್ಕಳು ಹುಟ್ಟುವಾಗ ಆರೋಗ್ಯವಾಗಿಯೇ ಕಾಣುತ್ತವೆ. ಆದರೆ ಅವುಗಳಲ್ಲಿ ಕೆಲವಕ್ಕೆ ಹುಟ್ಟುವಾಗಲೇ, ಇನ್ನು ಕೆಲವಕ್ಕೆ ತಿಂಗಳುಗಳ ಅಥವಾ ವರ್ಷಗಳ ನಂತರ ಕಿವಿ ಮಂದವಾಗುತ್ತದೆ. ವಂಶವಾಹಿ ದೋಷವನ್ನು ಬಿಟ್ಟರೆ ಮಕ್ಕಳ ಹುಟ್ಟುಕಿವುಡಿಗೆ ಜಗತ್ತಿನಲ್ಲೇ ದೊಡ್ಡ ಕಾರಣ ಇದು. ಮಗು ಹುಟ್ಟಿ ಮೂರು ವಾರದೊಳಗೆ ಜೊಲ್ಲು ಅಥವಾ ಮೂತ್ರ ಪರೀಕ್ಷೆ ಮಾಡಿದರೆ ಮಾತ್ರ ಇದು ಗರ್ಭದಲ್ಲೇ ತಗುಲಿದ್ದು ಎಂದು ಖಚಿತಪಡಿಸಬಹುದು.

ಆದುದರಿಂದ ನವಜಾತ ಶಿಶುವಿಗೆ ಕಿವಿಯ ಪರೀಕ್ಷೆ ಮಾಡಿಸಿ. ಮಗು ಮಲಗಿರುವಾಗಲೇ ಕೆಲವು ನಿಮಿಷಗಳಲ್ಲಿ ಮುಗಿಯುವ, ಸೂಜಿಯಿಲ್ಲದ ಪರೀಕ್ಷೆ ಇದು. 'ಚಪ್ಪಾಳೆ ತಟ್ಟಿದರೆ ಬೆಚ್ಚುತ್ತದೆ' ಎಂಬ ಸಮಾಧಾನ ಸಾಲದು. ಒಮ್ಮೆ ಪಾಸಾದ ಮಗುವೂ ಒಂದೂವರೆ ವರ್ಷವಾದರೂ ಒಂದೂ ಪದ ಆಡದಿದ್ದರೆ 'ಅವನ ಅಪ್ಪನೂ ತಡವಾಗಿ ಮಾತಾಡಿದ್ದು' ಎಂದು ಕಾಯದೆ ಮತ್ತೆ ಪರೀಕ್ಷಿಸಬೇಕು.

ದಡಾರ ಮತ್ತು ಸರ್ಪಸುತ್ತು

ದಡಾರ ಎರಡು ವಿಧದಲ್ಲಿ ಕಿವಿ ಕೆಡಿಸುತ್ತದೆ. ನಡುಕಿವಿಯಲ್ಲಿ ಕೀವು ತುಂಬಿ ಕಿವಿ ಸೋರುವುದು ಒಂದು. ವೈರಾಣುವೇ ಒಳಕಿವಿಗೆ ಇಳಿಯುವುದು ಇನ್ನೊಂದು. ಎರಡನೆಯದರಲ್ಲಿ ಹೆಚ್ಚಾಗಿ ಎರಡೂ ಕಿವಿಗಳಿಗೆ ಪೆಟ್ಟು ಬೀಳುತ್ತದೆ. ಲಸಿಕೆ ಬರುವ ಮುಂಚೆ ಕಿವುಡ ಮಕ್ಕಳ ಶಾಲೆಗಳಲ್ಲಿ ದಡಾರದಿಂದ ಕಿವಿ ಕಳೆದುಕೊಂಡವರು ಅನೇಕರಿರುತ್ತಿದ್ದರು. ಮೈಮೇಲೆ ಏಳುವ ರೋಗಗಳನ್ನು ಅಮ್ಮನ ಕಾಟವೆಂದು ಭಾವಿಸಿ ಮಾರಿಗುಡಿಗೆ ಹರಕೆ ಹೊತ್ತ ಅಜ್ಜಿಯಂದಿರ ಭಯ ಸುಮ್ಮನೆ ಹುಟ್ಟಿದ್ದಲ್ಲ. ಇಂದು ಆ ಭಯಕ್ಕೆ ಲಸಿಕೆಯ ಉತ್ತರವಿದೆ.

ಸೀತಾಳೆ ಸಿಡುಬು ಬಂದವರ ನರಗಳಲ್ಲಿ ಅದರ ವೈರಾಣು ಜೀವಮಾನವಿಡೀ ಮಲಗಿರುತ್ತದೆ. ವಯಸ್ಸಾದಾಗ, ಸಿಹಿಮೂತ್ರ ಇರುವಾಗ, ಬೇರೆ ಕಾಯಿಲೆಯಿಂದ ಮೈ ಸೋತಾಗ ಅದು ಸರ್ಪಸುತ್ತಾಗಿ ಏಳುತ್ತದೆ. ಸೊಂಟ, ಎದೆಗೆ ಬರುವ ಸರ್ಪಸುತ್ತು ಎಲ್ಲರಿಗೂ ಗೊತ್ತು. ಕಿವಿಗೂ ಬರುತ್ತದೆ. ಕಿವಿಯೊಳಗೆ, ಹಾಲೆಯ ಮೇಲೆ ಉರಿಯುವ ನೀರ್ಗುಳ್ಳೆ, ಅದೇ ಬದಿಗೆ ಬಾಯಿ ಸೊಟ್ಟಗಾಗುವುದು, ಕಣ್ಣು ಮುಚ್ಚಲಾಗದಿರುವುದು, ಕಿವಿ ಮಂದ, ತಲೆಸುತ್ತು ಇವು ಅದರ ಚಿಹ್ನೆಗಳು. 1907ರಲ್ಲಿ ಇದನ್ನು ವಿವರಿಸಿದ ರ್‍ಯಾಮ್ಸೆ ಹಂಟ್ ಅವರ ಹೆಸರಿನಿಂದಲೇ ಕರೆಯುತ್ತಾರೆ. ವೈರಾಣು ನಾಶಕ ಮಾತ್ರೆ ಮೂರು ದಿನದೊಳಗೆ ಆರಂಭವಾದರೆ ಮುಖದ ನರವನ್ನೂ ಕಿವಿಯನ್ನೂ ಉಳಿಸಿಕೊಳ್ಳುವ ಸಾಧ್ಯತೆ ಹೆಚ್ಚು. ನಾಗನಿಗೆ ತಂಬಿಲ ಕೊಡುವವರು ಕೊಡಲಿ, ಹರಕೆ ಹೇಳಿಕೊಳ್ಳುವವರು ಹೇಳಿಕೊಳ್ಳಲಿ. ಆದರೆ ಮಾತ್ರೆ ಅದೇ ದಿನ ಆರಂಭವಾಗಲಿ.

ರಾತ್ರಿ ಬೆಳಗಾಗುವುದರೊಳಗೆ

ಇನ್ನು ದೊಡ್ಡವರ ವಿಚಾರ. ಮಲಗುವಾಗ ಸರಿಯಿದ್ದ ಕಿವಿ ಏಳುವಾಗ ಇಲ್ಲ. ಅಥವಾ ಒಂದೆರಡು ದಿನದಲ್ಲಿ ಇಳಿದುಹೋಯಿತು. ಮೂರು ದಿನದೊಳಗೆ ಹೀಗೆ ಗಣನೀಯವಾಗಿ ಕುಗ್ಗಿದರೆ ಅದನ್ನು ಹಠಾತ್ ಕಿವುಡು ಎನ್ನುತ್ತೇವೆ. ಹೆಚ್ಚಾಗಿ ಒಂದೇ ಬದಿ. ಕಿವಿಯಲ್ಲಿ ಮೊರೆತ, ಕಟ್ಟಿದ ಅನುಭವ, ಕೆಲವರಿಗೆ ತಲೆಸುತ್ತು. ಶೀತಜ್ವರದ ಬೆನ್ನಿಗೆ ಬಂದದ್ದನ್ನು ಹಲವರು ಹೇಳುತ್ತಾರೆ. 2020ರ ಬಳಿಕ ಕೋವಿಡ್ ಬಂದವರಲ್ಲಿ ಹೀಗಾದ ವರದಿಗಳೂ ಹಲವು ದೇಶಗಳಿಂದ ಬಂದವು. ಆದರೆ ಪ್ರತಿಯೊಬ್ಬರಲ್ಲೂ ವೈರಾಣುವೇ ಅಪರಾಧಿ ಎನ್ನುವಂತಿಲ್ಲ. ಒಳಕಿವಿಯ ಅತಿ ಸಣ್ಣ ರಕ್ತನಾಳ ಕಟ್ಟಿಕೊಂಡಿರಬಹುದು, ಅಪರೂಪಕ್ಕೆ ಶ್ರವಣ ನರದ ಮೇಲೆ ಗಡ್ಡೆ ಇರಬಹುದು. ಹತ್ತರಲ್ಲಿ ಒಂಬತ್ತು ಮಂದಿಯಲ್ಲಿ ಖಚಿತ ಕಾರಣ ಸಿಗುವುದಿಲ್ಲ.

ಕಾರಣ ಸಿಗದಿದ್ದರೂ ಕಾಲ ಮಾತ್ರ ಮುಖ್ಯ. ಮೊದಲ ಎರಡು ವಾರಗಳಲ್ಲಿ, ಅದರಲ್ಲೂ ಮೊದಲ ಕೆಲವು ದಿನಗಳಲ್ಲಿ, ಊತ ತಗ್ಗಿಸುವ ಸ್ಟೆರಾಯ್ಡ್ ಔಷಧ ಕೊಡುವುದು ಜಗತ್ತಿನ ಹೆಚ್ಚಿನ ಕಡೆ ಇರುವ ಕ್ರಮ. ಬಾಯಿಯ ಮೂಲಕ ಕೊಡಲಾಗದವರಿಗೆ ತಮಟೆಯ ಮೂಲಕ ನಡುಕಿವಿಗೆ ಸೂಜಿಮದ್ದು ಕೊಡುತ್ತಾರೆ. ಚಿಕಿತ್ಸೆಯಿಲ್ಲದೆಯೂ ಮೂರನೇ ಒಂದು ಭಾಗದಿಂದ ಮೂರನೇ ಎರಡು ಭಾಗದಷ್ಟು ಜನರಿಗೆ ಸ್ವಲ್ಪವಾದರೂ ಮರಳಿ ಬರುತ್ತದೆ ಎಂಬುದು ನಿಜ. ಔಷಧ ಪವಾಡ ಮಾಡುತ್ತದೆ ಎಂದು ನಾನು ಹೇಳುತ್ತಿಲ್ಲ. ಆದರೆ ಐದನೇ ವಾರ ಬಂದವರಿಗೆ ಕೊಡಲು ನಮ್ಮ ಕೈಯಲ್ಲಿ ಬಹಳ ಕಡಿಮೆ ಉಳಿದಿರುತ್ತದೆ. ಮೂರನೇ ದಿನ ಬಂದವರಿಗೆ ಒಂದು ಪ್ರಯತ್ನಕ್ಕಾದರೂ ಅವಕಾಶವಿದೆ. ಸಿಹಿಮೂತ್ರ, ರಕ್ತದೊತ್ತಡ, ಹೊಟ್ಟೆಹುಣ್ಣು ಇರುವವರಿಗೆ ಸ್ಟೆರಾಯ್ಡ್ ಅಪಾಯ ತರಬಹುದು. ಆದುದರಿಂದ ಔಷಧದಂಗಡಿಯಲ್ಲಿ ಕೇಳಿ ನುಂಗುವ ಮಾತ್ರೆ ಇದಲ್ಲ.

'ಹೂಂ' ಎಂದು ನೋಡಿ

ಹಾಗಾದರೆ ಕಟ್ಟಿದ ಕಿವಿ ಗುಗ್ಗೆಯದೋ, ಒಳಕಿವಿಯದೋ ಎಂದು ನಿಮಗೆ ತಿಳಿಯುವುದು ಹೇಗೆ? ವೈದ್ಯರು ಶ್ರುತಿಕವೆಯನ್ನು ಮಿಡಿದು ನೆತ್ತಿಯ ಮೇಲೆ ಇಡುವುದನ್ನು ನೋಡಿರಬಹುದು. ಅದೇ ಪರೀಕ್ಷೆಯನ್ನು ನಿಮ್ಮ ಗಂಟಲಿನಿಂದಲೇ ಮಾಡಬಹುದು. ಬಾಯಿ ಮುಚ್ಚಿ, ಸದ್ದಿಲ್ಲದ ಕೋಣೆಯಲ್ಲಿ, ಒಂದೇ ಶ್ರುತಿಯಲ್ಲಿ 'ಹೂಂ...' ಎನ್ನಿ. ಸದ್ದು ಯಾವ ಕಿವಿಯಲ್ಲಿ ಹೆಚ್ಚು ಕೇಳುತ್ತದೆ ಎಂದು ಗಮನಿಸಿ.

ಕಟ್ಟಿದ ಕಿವಿಯಲ್ಲೇ ಹೆಚ್ಚು ಕೇಳಿದರೆ ದೋಷ ಹೊರಗೆ ಅಥವಾ ನಡುವೆ ಇರುವ ಸಂಭವ ಹೆಚ್ಚು. ಗುಗ್ಗೆ, ನೀರು, ಶೀತದ ಊತ. ಇದನ್ನು ಈಗಲೇ ಅನುಭವಿಸಿ ನೋಡಬೇಕಾದರೆ ಒಂದು ಕಿವಿಗೆ ಬೆರಳಿಟ್ಟು 'ಹೂಂ' ಎನ್ನಿ, ಸದ್ದು ಬೆರಳಿಟ್ಟ ಕಿವಿಗೇ ಹೋಗುತ್ತದೆ. ಇದಕ್ಕೆ ವಿರುದ್ಧವಾಗಿ, ಕಿವಿ ಕಟ್ಟಿದ್ದು ಬಲಕ್ಕೆ, 'ಹೂಂ' ಕೇಳುವುದು ಎಡಕ್ಕೆ ಎಂದಾದರೆ, ಬಲಗಿವಿಯ ಒಳಕಿವಿಯೋ ನರವೋ ಕೆಟ್ಟಿದೆ ಎಂದು ಸಂಶಯಿಸಬೇಕು. ಅದೇ ದಿನ ಹೊರಡಿ. ಇದು ಸ್ಥೂಲ ಪರೀಕ್ಷೆ, ಸರಿಯಾದ ಉತ್ತರ ಬಂದರೂ ಮೂರು ದಿನದಲ್ಲಿ ಕಿವಿ ತೆರೆಯದಿದ್ದರೆ ವೈದ್ಯರಿಗೆ ತೋರಿಸಲೇಬೇಕು.

ಈ ನಡುವೆ ಬಿಸಿ ತೆಂಗಿನೆಣ್ಣೆ, ಬೆಳ್ಳುಳ್ಳಿ ರಸ ಕಿವಿಗೆ ಹೊಯ್ಯಬೇಡಿ. ಎಣ್ಣೆ ಒಳಕಿವಿಗೆ ತಲುಪುವುದೇ ಇಲ್ಲ. ತಮಟೆ ತೂತಾಗಿದ್ದರೆ ನಡುಕಿವಿಗೆ ಇಳಿದು ಹೊಸ ತೊಂದರೆ ತರುತ್ತದೆ. ನಮ್ಮ ಆಟಿಯ ತೇವದಲ್ಲಿ ಕಿವಿಯೊಳಗೆ ಬೂಷ್ಟು ಬೆಳೆಯಲು ಎಣ್ಣೆ ಒಳ್ಳೆಯ ಗೊಬ್ಬರ.

ಕಿವಿಯ ತಜ್ಞರಿಗಾಗಿ ಬೆಂಗಳೂರಿಗೆ ಹೋಗಬೇಕಾಗಿಲ್ಲ. ಉಡುಪಿಯ ಅಜ್ಜರಕಾಡಿನಲ್ಲಿ ಜಿಲ್ಲಾ ಆಸ್ಪತ್ರೆಯಿದೆ. 1953ರಲ್ಲಿ ಡಾ. ಟಿ.ಎಂ.ಎ. ಪೈಯವರು ಸ್ಥಾಪಿಸಿದ ಕಸ್ತೂರ್ಬಾ ಮೆಡಿಕಲ್ ಕಾಲೇಜಿನ ಆಸ್ಪತ್ರೆ ಮಣಿಪಾಲದಲ್ಲಿದೆ, ಅಲ್ಲಿ ವಾಕ್ ಮತ್ತು ಶ್ರವಣ ವಿಭಾಗವೂ ಇದೆ. ಕಾಪುವಿನಿಂದ ಉಡುಪಿಗೆ ಬಸ್ಸಿನಲ್ಲಿ ಅರ್ಧ ಗಂಟೆ, ಕಾರ್ಕಳದಿಂದ ಸುಮಾರು ಒಂದು ಗಂಟೆ. ದಾರಿ ಇಷ್ಟು ಹತ್ತಿರವಿರುವಾಗ ತಡವಾಗುವುದು ದೂರದಿಂದಲ್ಲ, 'ನೋವಿಲ್ಲವಲ್ಲ, ನೋಡುವ' ಎಂಬ ಮಾತಿನಿಂದ. ಮಾತು ತೊದಲುವುದು, ಕೈಕಾಲು ಸೋಲುವುದು, ಒಂದು ವಸ್ತು ಎರಡಾಗಿ ಕಾಣುವುದು ಇವು ತಲೆಸುತ್ತಿನ ಜತೆ ಬಂದರೆ ಅದು ಮಿದುಳಿನ ಕಾಯಿಲೆಯಾಗಿರಬಹುದು. ಆಗ ಬಸ್ಸಿಗೂ ಕಾಯಬೇಡಿ.

ಒಂದು ಕಿವಿ ಸಾಕಲ್ಲವೇ?

ಹಲವು ತಂದೆತಾಯಿಯರು ಕೇಳುವ ಪ್ರಶ್ನೆ ಇದು. ಸಾಲದು. ಸದ್ದು ಯಾವ ಕಡೆಯಿಂದ ಬಂತು ಎಂದು ಮಿದುಳು ಲೆಕ್ಕ ಹಾಕುವುದು ಎರಡು ಕಿವಿಗಳಿಗೆ ಅದು ತಲುಪುವ ಕ್ಷಣದ ವ್ಯತ್ಯಾಸದಿಂದ. ಒಂದೇ ಕಿವಿಯಿರುವ ಮಗುವಿಗೆ ಹಾರ್ನ್ ಕೇಳಿಸುತ್ತದೆ, ಬಸ್ಸು ಯಾವ ಕಡೆಯಿಂದ ಬರುತ್ತಿದೆ ಎಂದು ತಿಳಿಯುವುದಿಲ್ಲ. ಕಾಪುವಿನ ಪೇಟೆಯಲ್ಲಿ ರಾಷ್ಟ್ರೀಯ ಹೆದ್ದಾರಿ 66ನ್ನು ದಾಟಿ ಶಾಲೆಗೆ ಹೋಗುವ ಮಗುವಿಗೆ ಇದು ಸಣ್ಣ ವಿಷಯವಲ್ಲ. ಗದ್ದಲದ ತರಗತಿಯಲ್ಲಿ ಪಾಠ ಅರ್ಧ ಮಾತ್ರ ಕೇಳುತ್ತದೆ. ಟೀಚರಿಗೆ ಮಗು ಮಂದಬುದ್ಧಿಯೆಂದೋ, ಉಡಾಳನೆಂದೋ ತೋರುತ್ತದೆ.

ಇಂಥ ಮಗುವನ್ನು ಮುಂದಿನ ಬೆಂಚಿನಲ್ಲಿ, ಒಳ್ಳೆಯ ಕಿವಿ ಟೀಚರಿನ ಕಡೆಗಿರುವಂತೆ ಕೂರಿಸಿ. ಶಾಲೆಗೆ ವಿಷಯ ತಿಳಿಸಿ, ಅದರಲ್ಲಿ ನಾಚಿಕೆಯಿಲ್ಲ. ರಸ್ತೆ ದಾಟುವಾಗ ಎರಡೂ ಕಡೆ ನೋಡುವ ಅಭ್ಯಾಸ ಮಾಡಿಸಿ. ಉಳಿದ ಕಿವಿಯನ್ನು ಕಣ್ಣಿನಂತೆ ಕಾಪಾಡಿ: ಕಡ್ಡಿ, ಹೇರ್‌ಪಿನ್ ಹಾಕಬೇಡಿ, ಪಟಾಕಿಯ ಹತ್ತಿರ ನಿಲ್ಲಿಸಬೇಡಿ, ಕಿವಿ ಸೋರಿದರೆ ತಕ್ಷಣ ಚಿಕಿತ್ಸೆ ಕೊಡಿಸಿ. ಕೇಳದ ಬದಿಯ ಸದ್ದನ್ನು ಒಳ್ಳೆಯ ಕಿವಿಗೆ ಒಯ್ಯುವ ಶ್ರವಣಯಂತ್ರಗಳೂ ಇವೆ, ತಜ್ಞರು ಹೇಳಿದರೆ ಬಳಸಬಹುದು.

ಎರಡೂ ಕಿವಿ ಹೋದ ಮಗುವಿಗೆ ಶ್ರವಣಯಂತ್ರ ಸಾಲದಾದರೆ ಕಾಕ್ಲಿಯರ್ ಇಂಪ್ಲಾಂಟ್ ಶಸ್ತ್ರಚಿಕಿತ್ಸೆಯಿದೆ. ಇದು ಸತ್ತ ರೋಮಕೋಶಗಳನ್ನು ಬಿಟ್ಟು ನೇರವಾಗಿ ನರಕ್ಕೆ ಸಂಕೇತ ಕೊಡುತ್ತದೆ. ಮಾತು ಕಲಿಯುವ ವಯಸ್ಸು ಮೀರುವ ಮುನ್ನ, ಅಂದರೆ ಮೊದಲ ಕೆಲವು ವರ್ಷಗಳಲ್ಲೇ ಆದರೆ ಪೂರ್ಣ ಫಲ. ಬಡ ಕುಟುಂಬಗಳಿಗೆ ಕೇಂದ್ರ ಸರಕಾರದ ಎ.ಡಿ.ಐ.ಪಿ. ಯೋಜನೆಯ ನೆರವಿದೆ. 1965ರಲ್ಲಿ ಆರಂಭವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಪರೀಕ್ಷೆ, ಸಲಹೆ, ಮಾತಿನ ತರಬೇತಿ ಎಲ್ಲವೂ ಒಂದೇ ಕಡೆ ಸಿಗುತ್ತದೆ. ಅಂಗನವಾಡಿ, ಶಾಲೆಗಳಿಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ತಂಡದ ವೈದ್ಯರಿಗೆ ಮಗುವಿನ ಕಿವಿಯ ಸಂಶಯವನ್ನು ತಿಳಿಸಿದರೆ ಅವರು ಮುಂದಿನ ದಾರಿ ತೋರುತ್ತಾರೆ.

ಲಸಿಕೆಯ ಚೀಟಿ ತೆಗೆದು ನೋಡಿ

ಮಂಗನಬಾವಿನಿಂದ ಹೋದ ಕಿವಿಯನ್ನು ಮರಳಿ ತರುವ ಔಷಧವಿಲ್ಲ. ಆದರೆ ಬಾರದಂತೆ ತಡೆಯುವ ಲಸಿಕೆ ಇದೆ. 1963ರಲ್ಲಿ ಅಮೆರಿಕದ ವಿಜ್ಞಾನಿ ಮಾರಿಸ್ ಹಿಲ್‌ಮನ್ ಮಂಗನಬಾವು ಬಂದು ಮಲಗಿದ್ದ ತಮ್ಮ ಐದು ವರ್ಷದ ಮಗಳ ಗಂಟಲಿನಿಂದ ದ್ರವ ತೆಗೆದು, ಅದರಲ್ಲಿದ್ದ ವೈರಾಣುವನ್ನೇ ಪಳಗಿಸಿ ಲಸಿಕೆ ಮಾಡಿದರು. 1967ರಿಂದ ಅದು ಬಳಕೆಗೆ ಬಂತು.

ಇಲ್ಲಿ 'ನಮ್ಮ ಮಗುವಿಗೆ ಎಲ್ಲ ಲಸಿಕೆ ಆಗಿದೆ' ಎನ್ನುವ ತಂದೆತಾಯಿಯರು ಒಂದು ವಿಷಯ ಗಮನಿಸಬೇಕು. 2017ರ ಫೆಬ್ರವರಿಯಲ್ಲಿ ಕರ್ನಾಟಕವೂ ಸೇರಿದಂತೆ ಕೆಲವು ರಾಜ್ಯಗಳಲ್ಲಿ ಒಂಬತ್ತು ತಿಂಗಳಿನಿಂದ ಹದಿನೈದು ವರ್ಷದೊಳಗಿನ ಮಕ್ಕಳಿಗೆ ಶಾಲೆಗಳಲ್ಲೇ ಎಂ.ಆರ್. ಲಸಿಕೆ ಹಾಕುವ ಅಭಿಯಾನ ನಡೆಯಿತು. ಬಳಿಕ ಅದು ಸರಕಾರದ ಉಚಿತ ಲಸಿಕೆಗಳ ಪಟ್ಟಿಗೆ ಸೇರಿತು. ಒಂಬತ್ತು ತಿಂಗಳಿಗೊಮ್ಮೆ, ಒಂದೂವರೆ ವರ್ಷದ ಹೊತ್ತಿಗೊಮ್ಮೆ ಇದನ್ನು ಕೊಡುತ್ತಾರೆ. ಎಂ. ಎಂದರೆ ದಡಾರ, ಆರ್. ಎಂದರೆ ರುಬೆಲ್ಲಾ. ಇದು ಬಹಳ ಒಳ್ಳೆಯ ಕೆಲಸ, ತಪ್ಪಿಸಬೇಡಿ. ಆದರೆ ಇದರಲ್ಲಿ ಮಂಗನಬಾವಿನ ಲಸಿಕೆ ಇಲ್ಲ. ಅದು ಇರುವುದು ಎಂ.ಎಂ.ಆರ್. ಎಂಬ ಇನ್ನೊಂದು ಲಸಿಕೆಯಲ್ಲಿ. ಭಾರತೀಯ ಶಿಶುವೈದ್ಯರ ಅಕಾಡೆಮಿ ಒಂಬತ್ತು ತಿಂಗಳು, ಹದಿನೈದು ತಿಂಗಳು ಮತ್ತು ನಾಲ್ಕರಿಂದ ಆರು ವರ್ಷದ ನಡುವೆ ಎಂ.ಎಂ.ಆರ್. ಕೊಡಲು ಸಲಹೆ ಮಾಡುತ್ತದೆ. ಇದನ್ನು ಖಾಸಗಿಯಾಗಿ ಹಣ ಕೊಟ್ಟು ಹಾಕಿಸಬೇಕು. 2024ರಲ್ಲಿ ನೆರೆಯ ಕೇರಳದಲ್ಲಿ ಮಂಗನಬಾವು ದೊಡ್ಡ ಪ್ರಮಾಣದಲ್ಲಿ ಹರಡಿದ್ದನ್ನು ಪತ್ರಿಕೆಯಲ್ಲಿ ಓದಿರಬಹುದು. ವೈರಾಣುವಿಗೆ ತಲಪಾಡಿಯ ಗಡಿ ಲೆಕ್ಕಕ್ಕಿಲ್ಲ.

ಮಂಗನಬಾವಿನಿಂದ ಸಾಯುವವರು ತೀರ ವಿರಳ, ಹಾಗಾಗಿ ಅದನ್ನು ಸಣ್ಣ ರೋಗವೆಂದು ಎಣಿಸುವುದುಂಟು. ಸಾವಿರಕ್ಕೊಂದು ಕಿವಿ ಎಂಬ ಲೆಕ್ಕವನ್ನು ಅದರ ಪಕ್ಕ ಇಟ್ಟು ನೋಡಿದರೆ, ನಮ್ಮ ಮಕ್ಕಳಿಗೆ ಮೂರನೆಯ ಅಕ್ಷರದ ಲಸಿಕೆಯೂ ಸರಕಾರದ ಕಡೆಯಿಂದ ಸಿಗಬೇಕು ಎಂಬುದು ನನ್ನ ಅಭಿಪ್ರಾಯ. ಅಲ್ಲಿಯವರೆಗೆ, ಕೈಲಾಗುವವರು ಕಾಯಬೇಡಿ.

ಮದುವೆಯ ವಯಸ್ಸಿನ ಹೆಣ್ಣುಮಕ್ಕಳು ತಮಗೆ ರುಬೆಲ್ಲಾ ಲಸಿಕೆ ಆಗಿದೆಯೇ ಎಂದು ಮನೆಯಲ್ಲಿ ಕೇಳಿಕೊಳ್ಳಿ. ಆಗಿಲ್ಲವಾದರೆ ಗರ್ಭ ಧರಿಸುವ ಮೊದಲೇ ಹಾಕಿಸಿಕೊಳ್ಳಬೇಕು, ಆಮೇಲೆ ಒಂದು ತಿಂಗಳು ಗರ್ಭ ಧರಿಸಬಾರದು. ಗರ್ಭಿಣಿಯರಿಗೆ ಈ ಲಸಿಕೆ ಕೊಡುವಂತಿಲ್ಲ.

ನೆನಪಿಡಬೇಕಾದ ಐದು ಮಾತು

1. ನೋವಿಲ್ಲದೆ ಕಿವಿ ಮಂದವಾದರೆ, ನೋವಿರುವ ಕಿವಿಗಿಂತ ಬೇಗ ವೈದ್ಯರಿಗೆ ತೋರಿಸಿ. ಮೂರು ದಿನ ಮೀರಬಾರದು.

2. 'ಹೂಂ' ಸದ್ದು ಒಳ್ಳೆಯ ಕಿವಿಗೆ ಹೋದರೆ ಅದೇ ದಿನ ಹೊರಡಿ.

3. ಮಂಗನಬಾವು ಬಂದ ಮಗುವಿನ ಎರಡೂ ಕಿವಿಗಳನ್ನು ಮೂರು ವಾರ ಬೇರೆಬೇರೆಯಾಗಿ ಪರೀಕ್ಷಿಸಿ.

4. ಕಿವಿಯ ಬಳಿ ನೀರ್ಗುಳ್ಳೆ ಎದ್ದು ಬಾಯಿ ಸೊಟ್ಟಗಾದರೆ ಗಂಟೆಗಳನ್ನು ಎಣಿಸಿ, ದಿನಗಳನ್ನಲ್ಲ.

5. ಮಗುವಿನ ಲಸಿಕೆಯ ಚೀಟಿಯಲ್ಲಿ ಎಂ.ಆರ್. ಇದೆಯೋ, ಎಂ.ಎಂ.ಆರ್. ಇದೆಯೋ ಇಂದೇ ತೆಗೆದು ನೋಡಿ. ಸಂಶಯವಿದ್ದರೆ ಆ ಚೀಟಿಯನ್ನು ನಿಮ್ಮ ವೈದ್ಯರಿಗೆ ತೋರಿಸಿ ಕೇಳಿ.